ಎಫ್ ಒತ್ತಿದರೆ ಒತ್ತಕ್ಷರ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಾಲ ಮುಗಿಯಿತು. ಮುಗಿಯಿತು ಅಂದರೆ ಆ ದಿನ ಬೆಳಿಗ್ಗೆ ಯಾರ ಮನೆಯ ಕಂಪ್ಯೂಟರೂ ಕಣ್ಣು ಮುಚ್ಚಲಿಲ್ಲ. ಆನ್ ಮಾಡಿದರೆ ಆನ್ ಆಯಿತು, ಆಫ್ ಮಾಡಿದರೆ ಆಫ್ ಆಯಿತು. ಇನ್ನು ಮುಂದೆ ಅದಕ್ಕೆ ಭದ್ರತೆಯ ಅಪ್‌ಡೇಟ್‌ಗಳು ಮಾಮೂಲಿನಂತೆ ಬರುವುದಿಲ್ಲ, ಅಷ್ಟೇ. ಈ "ಅಷ್ಟೇ"ಯನ್ನು ಎಪ್ಪತ್ತೊಂದು ವರ್ಷದ ಅಮ್ಮನಿಗೆ ವಿವರಿಸಲು ನನಗೆ ಒಂದು ಇಡೀ ಭಾನುವಾರ ಹಿಡಿಯಿತು.

"ಕೆಟ್ಟಿಲ್ಲ ಅಂತೀಯ. ಆದ್ರೂ ಬದಲಾಯಿಸ್ಬೇಕು ಅಂತೀಯ. ಇದೆಂಥ ಲೆಕ್ಕ ಕಣೇ?"

ಮನೆ ಗಟ್ಟಿಯಾಗಿಯೇ ಇದೆ, ಬೀಗ ರಿಪೇರಿ ಮಾಡುವವನು ಮಾತ್ರ ಊರು ಬಿಟ್ಟ ಅಂದೆ. ಅಮ್ಮ ಸಹಕಾರಿ ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತೆಯಾಗಿದ್ದವಳು. "ಊರು ಬಿಟ್ಟನೋ, ಅಂಗಡೀಲಿ ಕೂತ್ಕೊಂಡು ಹೊಸ ಬೀಗ ತಗೊಳ್ಳಿ ಅಂತಿದಾನೋ?" ಅಂದಳು. ಎರಡೂ ನಿಜವೇ ಆದ್ದರಿಂದ ಸುಮ್ಮನಾದೆ.

ಅಮ್ಮನ ಲ್ಯಾಪ್‌ಟಾಪ್ 2016ರದ್ದು. ಹೊಸ ವಿಂಡೋಸ್ 11ಕ್ಕೆ ಅದು ಅರ್ಹವಲ್ಲ ಎಂದು ಪರೀಕ್ಷೆ ಮಾಡುವ ತಂತ್ರಾಂಶ ಹೇಳಿತು. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11 ಹಳೆಯ ಯಂತ್ರಗಳನ್ನು ಹೊಸಿಲಲ್ಲೇ ನಿಲ್ಲಿಸುತ್ತದೆ. ಟಿಪಿಎಂ 2.0 ಎಂಬ, ಗುಪ್ತ ಕೀಲಿಗಳನ್ನು ಪ್ರತ್ಯೇಕವಾಗಿ ಕಾಪಾಡುವ ಏರ್ಪಾಡು ಇರಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನದೋ ಆಮೇಲಿನದೋ ಆಗಿರಬೇಕು. ಅಮ್ಮನದು ಆರನೆಯದು. ಹಳೆಯದರಲ್ಲೇ ಇರುವವರು ಒಂದು ವರ್ಷದ ಮಟ್ಟಿಗೆ ಹೆಚ್ಚುವರಿ ಭದ್ರತೆ ಪಡೆಯಬಹುದಿತ್ತು, ಅದು 2026ರ ಅಕ್ಟೋಬರ್ ತನಕ. ತಮಾಷೆಯೆಂದರೆ 2015ರಲ್ಲಿ ವಿಂಡೋಸ್ 10 ಬರುವ ಹೊತ್ತಿಗೆ ಆ ಕಂಪನಿಯ ಉದ್ಯೋಗಿಯೊಬ್ಬರು ಸಮ್ಮೇಳನದಲ್ಲಿ ಇದೇ ಕೊನೆಯ ವಿಂಡೋಸ್ ಎಂದಿದ್ದರು. ಆರು ವರ್ಷಕ್ಕೆ ಇನ್ನೊಂದು ಬಂತು.

ಬೈಯುವುದು ಸುಲಭ. ಆದರೆ 2017ರ ಮೇ ತಿಂಗಳು ನೆನಪಿರುವವರಿಗೆ ಇನ್ನೊಂದು ಮಗ್ಗುಲೂ ಗೊತ್ತು. ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಹಲವು ದೇಶಗಳ ಕಂಪ್ಯೂಟರುಗಳಿಗೆ ಬೀಗ ಹಾಕಿ ಹಣ ಕೇಳಿತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಆ ಬಿರುಕಿಗೆ ತೇಪೆ ಎರಡು ತಿಂಗಳ ಮೊದಲೇ ಬಂದಿತ್ತು. ಹಾಕಿಕೊಳ್ಳದೆ ಇದ್ದವರು ಸಿಕ್ಕಿಬಿದ್ದರು. ತೇಪೆಯೇ ಬರದ ಯಂತ್ರದಲ್ಲಿ ಪಿಂಚಣಿಯ ಖಾತೆ ತೆರೆಯುವುದು ಜಾಣತನವಲ್ಲ. ಇದನ್ನು ಹೇಳಿದ ಮೇಲೆ ಅಮ್ಮ ಒಪ್ಪಿದಳು. ಡಲ್ಲಾಸ್‌ನಲ್ಲಿರುವ ಅಣ್ಣ ಹೊಸ ಲ್ಯಾಪ್‌ಟಾಪಿಗೆ ದುಡ್ಡು ಕಳಿಸಿದ. ದೀಪಾವಳಿಯ ವಾರ ಅದು ಮನೆಗೆ ಬಂತು.

ಹೊಸ ಆಪರೇಟಿಂಗ್ ಸಿಸ್ಟಮ್ ಬಂದಾಗಲೆಲ್ಲ (ಕಾರ್ಯಾಚರಣ ವ್ಯವಸ್ಥೆ ಎಂಬ ಪದ ನಿಘಂಟಿನಲ್ಲಿದೆ, ಬಾಯಲ್ಲಿ ನಾನು ಕೇಳಿಲ್ಲ) ಜನ ಎರಡು ಪಾಳಯವಾಗುತ್ತಾರೆ. 2007ರಲ್ಲಿ ವಿಸ್ತಾ ಬಂದಾಗ ಪ್ರತಿ ಸಣ್ಣ ಕೆಲಸಕ್ಕೂ "ಅನುಮತಿ ಇದೆಯೇ?" ಎಂದು ಕೇಳುವ ಅದರ ಅಭ್ಯಾಸ ನಗೆಪಾಟಲಾಗಿತ್ತು. 2012ರ ವಿಂಡೋಸ್ 8 ಇನ್ನೂ ದೊಡ್ಡ ಕಥೆ. 1995ರಿಂದ ಎಡಗಡೆ ಕೆಳಮೂಲೆಯಲ್ಲಿ ಕೂತಿದ್ದ ಸ್ಟಾರ್ಟ್ ಬಟನ್ನನ್ನೇ ತೆಗೆದುಬಿಟ್ಟಿದ್ದರು. ನಾನು ಆಗ ಪಾಠ ಮಾಡುತ್ತಿದ್ದ ಕಾಲೇಜಿನ ಲ್ಯಾಬಿನಲ್ಲಿ ಮೂರು ಹೊಸ ಕಂಪ್ಯೂಟರುಗಳಿದ್ದವು. ಸಂಜೆ ಅವುಗಳನ್ನು ಆಫ್ ಮಾಡುವುದು ಹೇಗೆಂದು ಹುಡುಕಿ ಸೋತು, ಅಟೆಂಡರ್ ಗೋಡೆಯ ಸ್ವಿಚ್ಚನ್ನೇ ಆರಿಸಿ ಬೀಗ ಹಾಕುತ್ತಿದ್ದ. ಮರುವರ್ಷ 8.1ರಲ್ಲಿ ಬಟನ್ ವಾಪಸು ಬಂತು. ಅದೇ ವಿಂಡೋಸ್ 8 ಹಳೆಯದಕ್ಕಿಂತ ಬೇಗ ಶುರುವಾಗುತ್ತಿತ್ತು, ಟಚ್ ಸ್ಕ್ರೀನಿನವರಿಗೆ ಒಗ್ಗಿತ್ತು. ಅದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಹಿತ್ತಲ ಬಾಗಿಲು ಮುಚ್ಚಿ ಹಾಲಿಗೆ ಗ್ರಾನೈಟ್ ಹಾಕಿಸಿದರೆ ಮನೆಯ ಹೆಂಗಸರು ಹೊಗಳುತ್ತಾರೆಯೇ?

ಇಂಥ ದೂರುಗಳನ್ನು ಸೋಮಾರಿಗಳ ಗೊಣಗಾಟ ಎಂದು ತಳ್ಳಿಹಾಕುವ ಹುಡುಗರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೈಗೂ ನೆನಪಿರುತ್ತದೆ. ಕತ್ತಲಲ್ಲಿ ಅಡುಗೆಮನೆಯ ಸ್ವಿಚ್ ಎಲ್ಲಿದೆ ಎಂದು ಕೈಗೆ ಗೊತ್ತು, ತಲೆಗೆ ಗೊತ್ತಿರಬೇಕಿಲ್ಲ.

ಅಮ್ಮನ ಕೈಗೆ ಗೊತ್ತಿದ್ದದ್ದು ಎಫ್ ಎಂಬ ಕೀಲಿ.

ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಕನ್ನಡದಲ್ಲಿ ಟೈಪ್ ಮಾಡುವ ಬಹಳ ಜನ ಬಲ್ಲರು. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿರುವುದೂ ಅದೇ. ಕೆ ಒತ್ತಿದರೆ ಕ, ಎಂ ಒತ್ತಿದರೆ ಮ, ಒತ್ತಕ್ಷರ ಬೇಕೆಂದರೆ ನಡುವೆ ಒಂದು ಎಫ್. ಎ, ಎಂ, ಎಫ್, ಎಂ ಎಂದರೆ ಅಮ್ಮ. ನಿವೃತ್ತಿಗೆ ಕೆಲವು ವರ್ಷ ಮುಂಚೆ, 2006ರಲ್ಲಿ, ಬ್ಯಾಂಕಿನಲ್ಲಿ ಕಂಪ್ಯೂಟರ್ ಬಂದಾಗ ಅಮ್ಮ ಇದನ್ನು ಹದಿನೈದು ದಿನದಲ್ಲಿ ಕಲಿತಿದ್ದಳು. ಹೊಸ ಲ್ಯಾಪ್‌ಟಾಪಿನಲ್ಲಿ ಕನ್ನಡ ಹುಡುಕಿ ನಾನು ಫೊನೆಟಿಕ್ ಕೀಲಿಮಣೆ ಆನ್ ಮಾಡಿಕೊಟ್ಟೆ. 2019ರಿಂದ ಅದು ವಿಂಡೋಸ್‌ನಲ್ಲೇ ಅಡಕವಾಗಿದೆ. ಇಂಗ್ಲಿಷಿನಲ್ಲಿ ಚಾಟ್ ಮಾಡುವ ನನ್ನ ವಿದ್ಯಾರ್ಥಿಗಳಿಗೆ ಬಲು ಸಲೀಸು. ಅಮ್ಮ "ಮರ" ಎಂದು ಒತ್ತಿದರೆ "ಮ್ರ್" ಎಂದು ಬಂತು. ಅಲ್ಲಿ ಪ್ರತಿ ವ್ಯಂಜನದ ಹಿಂದೆ ಎ ಸೇರಿಸಬೇಕು. "ಅಕ್ಕ" ಎಂದರೆ "ಅಕ್ಫ್ಕ್". ಅಮ್ಮ ಪರದೆ ನೋಡಿದಳು, ಕೈ ನೋಡಿಕೊಂಡಳು. "ನನ್ನ ಬೆರಳಿಗೇ ತೊದಲು ಬಂದ ಹಾಗಿದೆ" ಅಂದಳು.

ಇದರಲ್ಲಿ ತಪ್ಪು ಯಾರದ್ದೂ ಅಲ್ಲ. ನ್ಯಾಯವಾಗಿ ಹೇಳುವುದಾದರೆ ಕನ್ನಡದ ಮಟ್ಟಿಗೆ ಇಂದಿನ ವ್ಯವಸ್ಥೆಗಳು ಹಿಂದಿನವಕ್ಕಿಂತ ಎಷ್ಟೋ ವಾಸಿ. ಎಕ್ಸ್‌ಪಿ ಕಾಲದಲ್ಲಿ ಕನ್ನಡ ಸರಿಯಾಗಿ ಕಾಣಬೇಕೆಂದರೆ ಸೆಟ್ಟಿಂಗ್ಸ್‌ನ ಒಳಗೆಲ್ಲೋ ಒಂದು ಚೌಕಕ್ಕೆ ಟಿಕ್ ಹಾಕಿ, ವಿಂಡೋಸ್‌ನ ಸಿಡಿ ತುರುಕಬೇಕಿತ್ತು. ಆ ಸಿಡಿ ಯಾರ ಬಳಿ ಇರುತ್ತಿತ್ತು? ಆಮೇಲೆ ತುಂಗಾ ಎಂಬ ಫಾಂಟಿನಲ್ಲಿ ಕನ್ನಡ ಮೂಡುತ್ತಿತ್ತು. ಈಗ ಡಬ್ಬದಿಂದ ತೆಗೆದ ಕೂಡಲೇ ಕನ್ನಡ ಓದಬಹುದು. ಅಮ್ಮ ಅಕ್ಷರ ದೊಡ್ಡದು ಮಾಡಿಕೊಂಡು ನಮ್ಮ ಈ ಪತ್ರಿಕೆಗಳನ್ನು ಕನ್ನಡಕವಿಲ್ಲದೆ ಓದಿದಳು. ಡಲ್ಲಾಸ್‌ನ ಮೊಮ್ಮಗಳ ಮುಖ ಹಳೆಯ ಲ್ಯಾಪ್‌ಟಾಪಿನಲ್ಲಿ ಮಸುಕಾಗಿ ಕಾಣುತ್ತಿತ್ತು, ಈಗ ಅವಳ ಬಿದ್ದ ಹಲ್ಲಿನ ಜಾಗವೂ ಕಾಣುತ್ತದೆ. ಮೆನು ಪಟ್ಟಿ ಎಡಮೂಲೆಯಿಂದ ನಡುವಿಗೆ ಬಂದಿರುವುದು ಎರಡು ದಿನ ಕಾಡಿತು. ಸೆಟ್ಟಿಂಗ್ಸ್‌ಗೆ ಹೋಗಿ ಎಡಕ್ಕೆ ತಂದುಕೊಟ್ಟೆ. ಬಲಗಡೆ ಬಟನ್ ಒತ್ತಿದರೆ ಬರುತ್ತಿದ್ದ ಉದ್ದ ಪಟ್ಟಿ ಈಗ ಮೋಟಾಗಿದೆ. ಇನ್ನಷ್ಟು ಬೇಕೆಂದರೆ ಕೊನೆಯ ಸಾಲು ಒತ್ತಿ ಇನ್ನೊಂದು ಪಟ್ಟಿ ತೆರೆಯಬೇಕು. ಅದಕ್ಕೆ ಅಮ್ಮ "ಒಳಮನೆ" ಎಂದು ಹೆಸರಿಟ್ಟಿದ್ದಾಳೆ.

ಇಷ್ಟೇ ಆಗಿದ್ದರೆ ಈ ಪ್ರಬಂಧ ಬರೆಯುವ ಅಗತ್ಯ ಇರಲಿಲ್ಲ. ಹಳೆಯದರಿಂದ ಫೈಲುಗಳನ್ನು ಪೆನ್‌ಡ್ರೈವಿಗೆ ತುಂಬಿ ಹೊಸದಕ್ಕೆ ಇಳಿಸಿದ ಮೇಲೆ "ಅವ್ವನ ಹಾಡು" ಎಂಬ ಫೋಲ್ಡರ್ ತೆರೆದೆವು.

ಅವ್ವ ಅಂದರೆ ನನ್ನ ಅಜ್ಜಿ, ಅಮ್ಮನ ತಾಯಿ. ಅರಸೀಕೆರೆ ಕಡೆಯ ಹಳ್ಳಿಯವಳು. ಓದು ಬರಹ ಇರಲಿಲ್ಲ. ಮದುವೆಮನೆಯಲ್ಲಿ ಶಾಸ್ತ್ರಕ್ಕೊಂದು ಹಾಡು, ಬೀಸುವಾಗೊಂದು, ಹೆಣ್ಣು ಒಪ್ಪಿಸುವಾಗ ಎಲ್ಲರನ್ನೂ ಅಳಿಸುವಂಥದ್ದೊಂದು. ಅಮ್ಮ ಅವಳನ್ನು ಕೂರಿಸಿಕೊಂಡು ಒಂಬತ್ತು ಕ್ಯಾಸೆಟ್ ತುಂಬಿಸಿದ್ದಳು. ಅವ್ವ ತೀರಿಕೊಂಡ ಮೇಲೆ ಟೇಪ್ ರೆಕಾರ್ಡರ್ ನಿಲ್ಲಿಸಿ ನಿಲ್ಲಿಸಿ ಕೇಳುತ್ತ, ಬ್ಯಾಂಕಿನಿಂದ ಬಂದು ರಾತ್ರಿ ಹತ್ತರ ತನಕ ಕೂತು, ಐದು ವರ್ಷದಲ್ಲಿ ನೂರ ಹನ್ನೆರಡು ಹಾಡು ಟೈಪ್ ಮಾಡಿದಳು. ಕ್ಯಾಸೆಟ್ಟುಗಳಿಗೆ ಬೂಸ್ಟು ಹಿಡಿದು ಬಹಳ ಕಾಲವಾಯಿತು. ಹಾಡು ಉಳಿದಿರುವುದು ಆ ಫೈಲುಗಳಲ್ಲಿ ಮಾತ್ರ.

ಹೊಸ ಪರದೆಯ ಮೇಲೆ ನೂರ ಹನ್ನೆರಡು ಹಾಡುಗಳ ಜಾಗದಲ್ಲಿ ಇಂಗ್ಲಿಷೂ ಅಲ್ಲದ, ಯಾವ ಭಾಷೆಯೂ ಅಲ್ಲದ ಗೀಟುಗಳು ಬಂದವು. ಚುಕ್ಕಿ ಹೊತ್ತ ಎ, ಟೋಪಿ ಇಟ್ಟ ಎ, ಬಾಲ ಬಂದ ಸಿ. ಅಮ್ಮ ಏನೂ ಮಾತಾಡಲಿಲ್ಲ. ಎದ್ದುಹೋಗಿ ಹಾಲು ಕಾಯಿಸಲು ಇಟ್ಟಳು.

ಏನಾಗಿತ್ತು ಎಂಬುದು ತಂತ್ರಜ್ಞಾನ ಬಲ್ಲವರಿಗೆ ಹೊಸದಲ್ಲ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗವಿತ್ತು. ಆದರೆ ನಮ್ಮ ಕಚೇರಿ, ಮನೆ, ಮುದ್ರಣಾಲಯಗಳಿಗೆ ಅದು ಇಳಿದುಬರಲು ಎರಡು ದಶಕ ಬೇಕಾಯಿತು. ಅಲ್ಲಿಯವರೆಗಿನ ಕನ್ನಡ ತಂತ್ರಾಂಶಗಳು ಇದ್ದುದರಲ್ಲೇ ದಾರಿ ಮಾಡಿಕೊಂಡವು. ಯುರೋಪಿನ ಭಾಷೆಗಳಿಗೆ ಮೀಸಲಾದ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಬರೀ ಆ ಯುರೋಪಿನ ಗೀಟು. ಅಮ್ಮನ ಫೈಲಿನಲ್ಲಿ "ಅಮ್ಮ" ಎಂಬ ಪದ ಐದು ತುಂಡಾಗಿತ್ತು: ಒಂದು ದೊಡ್ಡ ಸಿ, ಮೇಲಕ್ಕೆ ಹಾರಿ ಕೂತ ಪುಟ್ಟ ಎ, ಓರೆಗೆರೆ ಹೊತ್ತ ಎ, ಎರಡು ಚುಕ್ಕಿಯ ದೊಡ್ಡ ಎ, ಎರಡು ಚುಕ್ಕಿಯದೇ ಸಣ್ಣ ಎ. ಅದರಲ್ಲಿ ಮ ಎಂಬ ಅಕ್ಷರವೇ ಇಲ್ಲ. ವ ಬರೆದು, ತಲೆಕಟ್ಟು ಕೊಟ್ಟು, ಕೊಂಬು ಅಂಟಿಸಿದರೆ ಮ. ಹಳೆಯ ಅಚ್ಚಿನ ಮೊಳೆ ಜೋಡಿಸಿದ ಹಾಗೆ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅಲ್ಲ.

ಹಳೆಯ ಫಾಂಟ್ ಹಾಕಿದರೆ ಹಾಡುಗಳು ಮತ್ತೆ ಕಾಣುತ್ತವೆ ಎಂದು ಗೊತ್ತಿತ್ತು, ಹಾಕಿದೆ, ಕಂಡವು. ಆದರೆ ಅಮ್ಮ ಹೆದರಿಬಿಟ್ಟಿದ್ದಳು. "ಇವತ್ತು ನೀನಿದ್ದೆ, ಹಾಕಿಕೊಟ್ಟೆ. ಇನ್ನು ಹತ್ತು ವರ್ಷಕ್ಕೆ ಇದನ್ನ ತೆಗೆಯೋರು ಯಾರು?" ಆ ಪ್ರಶ್ನೆಗೆ ಉತ್ತರ ಒಂದೇ. ಇಡೀ ಸಂಗ್ರಹವನ್ನು ಯುನಿಕೋಡಿಗೆ ಬದಲಾಯಿಸಬೇಕು.

ಈ ನಡುವೆ ತಂಗಿಯ ಮಗ ರಜಕ್ಕೆ ಬಂದ. ಇಂಜಿನಿಯರಿಂಗ್ ಮೂರನೇ ವರ್ಷ. ಮೂಲೆ ಸೇರಿದ್ದ ಹಳೆಯ ಲ್ಯಾಪ್‌ಟಾಪ್ ಕಂಡು, "ಅಜ್ಜಿ, ಇದನ್ನ ಗುಜರಿಗೆ ಹಾಕ್ಬೇಡ, ನಂಗೆ ಒಂದು ಸಂಜೆ ಕೊಡು" ಎಂದು ಲಿನಕ್ಸ್ ಹಾಕಿದ. ನಾಲ್ಕು ನಿಮಿಷ ತಿಣುಕುತ್ತಿದ್ದ ಯಂತ್ರ ಅರ್ಧ ನಿಮಿಷದಲ್ಲಿ ಎದ್ದು ಕೂತಿತು. ನನಗೆ ಆಶ್ಚರ್ಯವಾದದ್ದು ಅದಕ್ಕಲ್ಲ. ಅಲ್ಲಿನ ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡದ ಎದುರಿಗೆ "ಕಗಪ" ಎಂದು ಇತ್ತು. ಕೆ.ಪಿ. ರಾವ್ ವಿನ್ಯಾಸವೇ. ಅಮ್ಮ ಕೂತು ಎ, ಕೆ, ಎಫ್, ಕೆ ಒತ್ತಿದಳು. ಅಕ್ಕ ಎಂದು ಬಂತು. ಯಾರೋ ಒಬ್ಬರು ಕೂಲಿ ಕೇಳದೆ ಅದನ್ನು ಅಲ್ಲಿ ಸೇರಿಸಿಟ್ಟಿದ್ದರು. ಅವರಿಗೆ ಹಾಸನದ ಒಂದು ಮನೆಯಲ್ಲಿ ಆ ಸಂಜೆ ಪಾಯಸವಾಯಿತೆಂದು ಗೊತ್ತಾಗುವುದಿಲ್ಲ.

ಹಾಗೆಂದು ಲಿನಕ್ಸ್ ಭಕ್ತರು ಹಿಗ್ಗಬೇಕಿಲ್ಲ. ಪ್ರಿಂಟರ್ ಮೂರು ದಿನ ಮಾತೇ ಆಡಲಿಲ್ಲ. ಹಳೆಯ ಪತ್ರಗಳನ್ನು ತೆರೆದರೆ ಪುಟದ ಅಂಚು ಸರಿದು ಸಾಲುಗಳು ಮುರಿದವು. ಹುಡುಗ ಬೆಂಗಳೂರಿಗೆ ಹೋದ ಮೇಲೆ ಅಪ್‌ಡೇಟ್ ಮಾಡಲು ಅಮ್ಮ ಅವನು ಬರೆದುಕೊಟ್ಟ ಚೀಟಿ ಹಿಡಿದು ಕಪ್ಪು ಕಿಟಕಿಯ ಮುಂದೆ ಕೂತಳು. ಪಾಸ್‌ವರ್ಡ್ ಒತ್ತಿದರೆ ಅಲ್ಲಿ ಚುಕ್ಕಿ ಕೂಡ ಕಾಣುವುದಿಲ್ಲ, ಒಳಗೆ ಹೋಯಿತೋ ಇಲ್ಲವೋ ತಿಳಿಯುವುದಿಲ್ಲ. "ಹುಂಡಿಗೆ ದುಡ್ಡು ಹಾಕಿದ ಹಾಗೆ, ಶಬ್ದಾನೂ ಬರಲ್ಲ" ಅಂತ ಫೋನ್ ಮಾಡಿದಳು. ಹೊಸ ಲ್ಯಾಪ್‌ಟಾಪಿಗೂ ಕೆ.ಪಿ. ರಾವ್ ವಿನ್ಯಾಸದ ಯುನಿಕೋಡ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಹಾಕಿಕೊಟ್ಟಿದ್ದೇವೆ. ಆದರೂ ಹಾಡಿನ ಕೆಲಸಕ್ಕೆ ಅವಳು ಕೂರುವುದು ಹಳೆಯದರ ಮುಂದೆ. ಪಿಂಚಣಿ, ಮೊಮ್ಮಗಳು, ಧಾರಾವಾಹಿ ಹೊಸದರಲ್ಲಿ.

ಫೈಲುಗಳನ್ನು ಬದಲಾಯಿಸುವ ವಿಷಯದಲ್ಲಿ ನಮಗೆ ನೆರವಾದವರು ಬಸ್‌ಸ್ಟ್ಯಾಂಡ್ ಹಿಂದಿನ ಡಿಟಿಪಿ ಅಂಗಡಿಯವರು. ಅಂಗಡಿಯಲ್ಲಿ ಎರಡು ಕಂಪ್ಯೂಟರುಗಳಿವೆ. ಒಂದು ಹೊಚ್ಚ ಹೊಸದು, ಆನ್‌ಲೈನ್ ಅರ್ಜಿ, ವಾಟ್ಸಾಪ್, ಪಿಡಿಎಫ್‌ಗಳಿಗೆ. ಇನ್ನೊಂದು ಎಕ್ಸ್‌ಪಿ, 2014ರ ಏಪ್ರಿಲ್‌ನಿಂದ ಅದಕ್ಕೆ ವಾರಸುದಾರರಿಲ್ಲ. ಇಂಟರ್‌ನೆಟ್ ತಂತಿಯನ್ನೇ ಕಿತ್ತಿಟ್ಟಿದ್ದಾರೆ. ಅದರಲ್ಲಿ ಪೇಜ್‌ಮೇಕರ್ 7 ಇದೆ. 2001ರಲ್ಲಿ ಬಂದ ಆ ಆವೃತ್ತಿಯೇ ಅದರ ಕೊನೆಯದು. ಹಿಂಬದಿಯ ಅಗಲ ಪೋರ್ಟಿಗೆ ಕನ್ನಡ ತಂತ್ರಾಂಶದ ಡಾಂಗಲ್ ಸಿಕ್ಕಿಸಿದೆ. ಅದಿಲ್ಲದೆ ಅಕ್ಷರ ಮೂಡುವುದಿಲ್ಲ, ಅಂಥ ಪೋರ್ಟ್ ಹೊಸ ಯಂತ್ರಗಳಲ್ಲಿ ಇಲ್ಲ.

"ನೋಡಿ ಮೇಡಂ, ಇಪ್ಪತ್ತೆರಡು ವರ್ಷದ ಲಗ್ನಪತ್ರಿಕೆ ಇದರಲ್ಲಿದೆ. ಅಪ್ಪನ ಮದುವೇದು ನಾನೇ ಮಾಡಿರ್ತೀನಿ, ಈಗ ಮಗಳ ಮದುವೆಗೆ ಬಂದು ಅದೇ ಡಿಸೈನ್ ಕೇಳ್ತಾರೆ. ಹೊಸದು ಚೆನ್ನಾಗಿಲ್ಲ ಅಂತಲ್ಲ, ಕೆಲಸ ಬೇಗ ಆಗತ್ತೆ. ಆದ್ರೆ ಇದು ಕೆಟ್ಟೋದ್ರೆ ನಾನು ಅಂಗಡಿ ಮುಚ್ಚಬೇಕು."

ಹಳೆಯ ಮದರ್‌ಬೋರ್ಡುಗಳನ್ನು ಗುಜರಿಯಿಂದ ತಂದು ಅಟ್ಟದ ಮೇಲೆ ಪೇರಿಸಿಟ್ಟಿದ್ದಾರೆ. ಒಂದು ಹೋದರೆ ಇನ್ನೊಂದು.

ಅಮ್ಮನ ಫೈಲನ್ನು ಅವರು ಫಾಂಟ್ ಇಲ್ಲದೆಯೇ ಹೊಸ ಕಂಪ್ಯೂಟರಿನಲ್ಲಿ ತೆರೆದರು. ಗೀಟುಗಳ ಮೇಲೆ ಬೆರಳಾಡಿಸುತ್ತ ನಿಧಾನವಾಗಿ ಓದತೊಡಗಿದರು. ಹೌದು, ಆ ಚುಕ್ಕಿ ಬಾಲಗಳನ್ನೇ. ದೊಡ್ಡ ಸಿ ಅಂದರೆ ಅ, ದೊಡ್ಡ ಡಿ ಅಂದರೆ ಆ, ಇ ಅಂದರೆ ಇ. ಇಷ್ಟು ವರ್ಷ ಫಾಂಟ್ ಕೈಕೊಟ್ಟಾಗಲೆಲ್ಲ ಹಾಗೇ ತಿದ್ದಿ ತಿದ್ದಿ ರೂಢಿಯಾಗಿದೆಯಂತೆ. ಒಂದು ಹಾಡಿನ ನಾಲ್ಕು ಸಾಲು ಓದಿ ತಲೆಯೆತ್ತಿದರು. "ಇದು ನಮ್ಮೂರಲ್ಲೂ ಹೇಳ್ತಿದ್ರಲ್ಲ ಅಮ್ಮಾ" ಎಂದರು. ಆ ಹುಚ್ಚು ಲಿಪಿಯೊಳಗಿಂದ ಅವ್ವನ ಹಾಡನ್ನು ಕಣ್ಣಲ್ಲೇ ಬಿಡಿಸಬಲ್ಲ ಮನುಷ್ಯ ಅವರೊಬ್ಬರೇ ಇರಲಾರರು. ಊರೂರಿನ ಡಿಟಿಪಿ ಅಂಗಡಿಗಳಲ್ಲಿ ಇಂಥ ಲಿಪಿತಜ್ಞರು ಕೂತಿದ್ದಾರೆ, ಅವರಿಗೆ ಯಾವ ವಿಶ್ವವಿದ್ಯಾಲಯವೂ ಶಾಸನ ಓದುವವರಿಗೆ ಕೊಡುವ ಮರ್ಯಾದೆ ಕೊಟ್ಟಿಲ್ಲ.

ಬದಲಾಯಿಸುವ ತಂತ್ರಾಂಶ ನೂರ ಹನ್ನೆರಡು ಹಾಡನ್ನು ಒಂದು ನಿಮಿಷದೊಳಗೆ ಮುಗಿಸಿತು. ತಿದ್ದಲು ಏಳು ವಾರ ಬೇಕಾಯಿತು. ಕೆಲವು ಕಡೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ನೆಗೆದಿತ್ತು. ಪ್ರತಿ ಹಾಡಿನ ಮೇಲೆ ಕ್ಯಾಸೆಟ್ಟಿನ ಯಾವ ಮಗ್ಗುಲು ಎಂದು ಅಮ್ಮ ಇಂಗ್ಲಿಷಿನಲ್ಲಿ ಎ, ಬಿ ಎಂದು ಗುರುತು ಹಾಕಿದ್ದಳು. ಹಳೆಯ ಫಾಂಟಿನಲ್ಲಿ ಎ ಇದ್ದ ಜಾಗ ಅನುಸ್ವಾರದ್ದು, ಬಿ ಇದ್ದ ಜಾಗ ವಿಸರ್ಗದ್ದು. ಹಾಗಾಗಿ ಎ ಮಗ್ಗುಲಿನ ಹಾಡುಗಳ ತಲೆಯ ಮೇಲೆಲ್ಲ ಒಂದೊಂದು ಸೊನ್ನೆ, ಬಿ ಮಗ್ಗುಲಿನವಕ್ಕೆ ಎರಡೆರಡು. ಅಮ್ಮ ಅದನ್ನು ತಿದ್ದಬೇಡ, ಹಾಗೇ ಇರಲಿ, ನನಗೆ ಗೊತ್ತಾಗುತ್ತೆ ಅಂದಳು. ತಿದ್ದುವಾಗ ಬರೀ ಕಣ್ಣಲ್ಲಿ ಓದಿದರೆ ತಪ್ಪು ಸಿಗುವುದಿಲ್ಲವೆಂದು ಹಾಡಿಕೊಂಡೇ ಓದುತ್ತಿದ್ದಳು. ಧಾಟಿ ಎಲ್ಲಿ ಎಡವಿತೋ ಅಲ್ಲಿ ಅಕ್ಷರ ತಪ್ಪಿರುತ್ತಿತ್ತು. ಅಮ್ಮ ಹಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ ಎಂದರೆ ನಾಚಿಕೊಂಡು ನಿಲ್ಲಿಸಿಬಿಡುತ್ತಿದ್ದಳು. ಹಾಗಾಗಿ ಪಕ್ಕದ ಕೋಣೆಯಲ್ಲಿ ಪೇಪರ್ ತಿದ್ದುವ ನೆಪ ಮಾಡಿಕೊಂಡು ಕೂರುತ್ತಿದ್ದೆ.

ಈಗ ಫೈಲಿನಲ್ಲಿ "ಬಾಸಿಂಗ" ಎಂದು ಹುಡುಕಿದರೆ ಆ ಪದ ಬರುವ ಹಾಡುಗಳೆಲ್ಲ ಸಾಲಾಗಿ ಸಿಗುತ್ತವೆ. ಅಮ್ಮ ಅರ್ಧ ದಿನ ಇದನ್ನೇ ಆಡಿದಳು. ಮಲ್ಲಿಗೆ ಎಷ್ಟು, ತವರು ಎಷ್ಟು, ಅತ್ತೆ ಎಷ್ಟು. ಅತ್ತೆಗಿಂತ ನಾದಿನಿಯೇ ಹೆಚ್ಚಿದ್ದಾಳೆ ಎಂದು ಗೊತ್ತಾಗಿ ನಕ್ಕಳು. ಸಂಕ್ರಾಂತಿಯ ಹಿಂದಿನ ದಿನ ಮೊದಲ ಇಪ್ಪತ್ತು ಹಾಡುಗಳನ್ನು ತಿಪಟೂರಿನ ಚಿಕ್ಕಮ್ಮನಿಗೆ ವಾಟ್ಸಾಪಿನಲ್ಲಿ ಕಳಿಸಿದಳು. ರಾತ್ರಿ ಹತ್ತೂವರೆಗೆ ಫೋನ್ ಬಂತು. ಹರಸಿನೆಣ್ಣೆ ಹಾಡಿನ ಮೂರನೇ ನುಡಿ ಹಾಗಲ್ಲವಂತೆ, ಅವ್ವ ಹಾಗೆ ಹೇಳುತ್ತಲೇ ಇರಲಿಲ್ಲವಂತೆ.

"ನಾನು ಕ್ಯಾಸೆಟ್ ಕೇಳಿ ಬರ್ದಿರೋದು ಕಣೇ."

"ಕ್ಯಾಸೆಟ್‌ಗೆ ಹೇಳುವಾಗ ಅವ್ವಂಗೆ ವಯಸ್ಸಾಗಿತ್ತು, ಮರ್ತಿದ್ಲು. ನನ್ನ ಮದುವೇಲಿ ಹೇಳಿದ್ದು ನಂಗೆ ಗೊತ್ತಿಲ್ವಾ?"

ಮುಕ್ಕಾಲು ಗಂಟೆ ನಡೆಯಿತು. ಕೊನೆಗೆ ಅಮ್ಮ ಹಳೆಯ ಲ್ಯಾಪ್‌ಟಾಪ್ ತೆರೆದು, ಮೂರನೇ ನುಡಿಯ ಕೆಳಗೆ ಚಿಕ್ಕಮ್ಮ ಹೇಳಿದ ಪಾಠವನ್ನೂ ಕೂರಿಸಿದಳು. ಅವಳ ಹೆಸರಿನ ಮೊದಲಕ್ಷರ ಹಾಕಿ, ಎದುರಿಗೊಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟಳು.